ನೀರಿನ ಗೆರೆಯ ಕೆಳಗೆ: ಮೋಟಾರು ದೋಣಿಯ ಋತುಋತುವಿನ ಆರೈಕೆ

(ಕೂಟದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಉಪನ್ಯಾಸಕ್ಕೆ ವೈದ್ಯರೊಬ್ಬರನ್ನು ಕರೆದಿದ್ದಾರೆಂದು ತಿಳಿದಾಗ ನಿಮ್ಮಲ್ಲಿ ಅನೇಕರು ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಕೊಲೆಸ್ಟರಾಲ್ ಇವುಗಳಲ್ಲಿ ಯಾವುದೋ ಒಂದನ್ನು ಕೇಳಬೇಕಾದೀತೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿರಬಹುದು. ಹೋಳಿಗೆ ಊಟದ ಮೊದಲು ಅಂತಹ ಶಿಕ್ಷೆಯನ್ನು ನಾವು ವಿಧಿಸುವುದಿಲ್ಲ. ಈ ಕೂಟದ ಕೆಲವು ಕುಟುಂಬಗಳು ಈಚೆಗೆ ಮೋಟಾರು ದೋಣಿಗಳನ್ನು ಕೊಂಡಿವೆ; ಇನ್ನು ಕೆಲವರು ಕೊಳ್ಳುವ ಆಲೋಚನೆಯಲ್ಲಿದ್ದಾರೆ. ಅವರಿಗೆ ಉಪಯೋಗವಾಗುವಂತೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡರು. ದೋಣಿಯ ವಿಷಯದಲ್ಲಿ ನಾವು ಪಂಡಿತರಲ್ಲ. ಆದರೆ ಒಮ್ಮೆ ಪೆಟ್ಟು ತಿಂದವರು. ಆ ಅರ್ಹತೆಯ ಮೇಲೆ ಮಾತನಾಡುತ್ತಿದ್ದೇವೆ.

ಇಲ್ಲಿ 'ನಾವು' ಎಂದರೆ ಎರಡು ಮನೆಯವರು. 1994ರಲ್ಲಿ ರೆಸಿಡೆನ್ಸಿ ತರಬೇತಿಗೆಂದು ಬಾಲ್ಟಿಮೋರಿಗೆ ಬಂದ ನಮಗೆ, ಅದೇ ವರ್ಷ ಬಂದು ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ನೆಲೆಸಿದ ಮೈಸೂರಿನ ದಂಪತಿಗಳು ಬಂಧುಗಳಿಗಿಂತ ಹೆಚ್ಚಾದರು. 2011ರಲ್ಲಿ ಎರಡು ಮನೆಯವರೂ ಸೇರಿ, ಅನಾಪೊಲಿಸ್ ಸಮೀಪದ ಒಂದು ಮರೀನಾದಲ್ಲಿದ್ದ 24 ಅಡಿ ಉದ್ದದ, ಫೈಬರ್‌ಗ್ಲಾಸಿನ, ಹಳೆಯದಾದರೂ ನೋಡಲು ಲಕ್ಷಣವಾಗಿದ್ದ ಒಂದು ದೋಣಿಯನ್ನು ಕೊಂಡೆವು. ಎಂಜಿನ್ ದೋಣಿಯ ಒಳಗೆ, ಪ್ರೊಪೆಲ್ಲರ್ ಇರುವ ಕಾಲು ಹಿಂಬದಿಯಲ್ಲಿ ನೀರಿನೊಳಗೆ. ಇಂತಹ ಏರ್ಪಾಡಿಗೆ ಸ್ಟರ್ನ್‌ಡ್ರೈವ್ ಎನ್ನುತ್ತಾರೆ. ಈ ಹೆಸರನ್ನು ನೆನಪಿನಲ್ಲಿಡಿ. ನಮ್ಮ ಕಥೆ ಅಲ್ಲಿಯೇ ಇದೆ.

ದೋಣಿ ನಮಗೆ ಅಪರಿಚಿತ ವಸ್ತುವಾಗಿರಲಿಲ್ಲ. ನಾವು ಹುಟ್ಟಿ ಬೆಳೆದದ್ದು ಕುಂದಾಪುರದ ಬಳಿಯ ಗಂಗೊಳ್ಳಿಯಲ್ಲಿ. ತಂದೆಯವರು ಶಾಲಾ ಉಪಾಧ್ಯಾಯರು, ನೆರೆಯವರೆಲ್ಲ ಮೀನುಗಾರರು. ಮಳೆಗಾಲ ಹಿಡಿಯಿತೆಂದರೆ ದೋಣಿಗಳನ್ನು ದಡಕ್ಕೆ ಎಳೆದು, ಮಗುಚಿ, ತೆಂಗಿನ ಮಡಲನ್ನು ಹೊದಿಸುತ್ತಿದ್ದರು. ಅಡಿಯನ್ನು ಕೆರೆದು ಒಣಗಿಸಿ, ಮೀನಿನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುತ್ತಿದ್ದರು. ಆ ವಾಸನೆ ಬೀದಿಯ ತುಂಬ ಇರುತ್ತಿತ್ತು. ಈಗ ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿಗಾಗಿ ಮಾಡಿದ ಆ ನಿಯಮದ ಬಿಡುವಿನಲ್ಲಿಯೇ ಮಲ್ಪೆಯಿಂದ ಗಂಗೊಳ್ಳಿಯವರೆಗೆ ದೋಣಿಗಳ ಅಡಿಯ ದುರಸ್ತಿಯೂ ನಡೆಯುತ್ತದೆ. ವರ್ಷಕ್ಕೊಮ್ಮೆ ದೋಣಿ ನೀರಿನಿಂದ ಮೇಲೆ ಬರಬೇಕೆಂಬುದನ್ನು ನಾವು ಬಾಲ್ಯದಲ್ಲಿಯೇ ಕಂಡಿದ್ದೆವು. ಕಂಡದ್ದನ್ನು ಕಲಿತಿರಲಿಲ್ಲ, ಅಷ್ಟೆ.

ಮೊದಲು ನೀರಿನ ಕೆಳಗೆ ನಡೆಯುವುದೇನೆಂದು ನೋಡೋಣ. ಚೆಸಪೀಕ್ ಕೊಲ್ಲಿ ಸುಮಾರು 200 ಮೈಲಿ ಉದ್ದದ, ಹೆಚ್ಚು ಆಳವಿಲ್ಲದ ಜಲರಾಶಿ. ಉತ್ತರದ ತುದಿಯಲ್ಲಿ ಸಸ್ಕ್ವೆಹಾನಾ ನದಿಯ ಸಿಹಿನೀರು, ದಕ್ಷಿಣದ ಬಾಯಿಯಲ್ಲಿ ಅಟ್ಲಾಂಟಿಕ್ಕಿನ ಉಪ್ಪುನೀರು, ನಡುವೆ ಎರಡರ ಮಿಶ್ರಣ. ಬೇಸಿಗೆಯಲ್ಲಿ ನೀರು ಬೆಚ್ಚಗಾಗುತ್ತದೆ, ಆಹಾರ ಸಮೃದ್ಧವಾಗಿರುತ್ತದೆ. ಇಂತಹ ನೀರಿನಲ್ಲಿ ಮುಳುಗಿದ ಯಾವ ವಸ್ತುವೂ ಬಹುಕಾಲ ಬರಿದಾಗಿರುವುದಿಲ್ಲ. ಮೊದಲ ಕೆಲವು ದಿನಗಳಲ್ಲಿ ಬ್ಯಾಕ್ಟೀರಿಯಾಗಳ ಲೋಳೆ ಕೂರುತ್ತದೆ. ಹಲ್ಲಿನ ಮೇಲೆ ಕೂರುವ ಪಾಚಿಯಂತೆಯೇ ಇದು. ಅದರ ಮೇಲೆ ಹಸಿರು ಪಾಚಿ. ಅನಂತರ ಬಾರ್ನಕಲ್.

ಬಾರ್ನಕಲ್ಲನ್ನು ನೋಡಿದವರು ಅದನ್ನು ಚಿಪ್ಪುಮೀನಿನ ಜಾತಿಯೆಂದು ತಿಳಿಯುತ್ತಾರೆ. ವಾಸ್ತವವಾಗಿ ಅದು ಸಿಗಡಿ, ಏಡಿಗಳ ದಾಯಾದಿ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಈ ಒಂದು ಪ್ರಾಣಿವರ್ಗದ ಅಧ್ಯಯನಕ್ಕೇ ಮೀಸಲಾದರು. ಅದರ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು. ನೀರಿನಲ್ಲಿ ತೇಲುತ್ತ, ಹಲವು ಬಾರಿ ಪೊರೆ ಬಿಟ್ಟು, ಕೊನೆಗೆ ಗಟ್ಟಿಯಾದ ಒಂದು ಜಾಗವನ್ನು ಹುಡುಕಿ ತಲೆಯನ್ನು ಅಲ್ಲಿಗೆ ಅಂಟಿಸಿಬಿಡುತ್ತದೆ. ಆ ಅಂಟು ನೀರಿನೊಳಗೇ ಗಟ್ಟಿಯಾಗುತ್ತದೆ. ಅಲ್ಲಿಂದ ಮುಂದೆ ಸುತ್ತಲೂ ಸುಣ್ಣದ ಗೋಡೆ ಕಟ್ಟಿಕೊಂಡು, ಕಾಲುಗಳನ್ನು ಬೀಸಿ ಆಹಾರ ಹಿಡಿಯುತ್ತ ಜೀವನ ಕಳೆಯುತ್ತದೆ. ಪ್ರಾಣಿ ಸತ್ತ ಮೇಲೂ ಮನೆ ಉಳಿಯುತ್ತದೆ. ಅದರ ಅಂಚು ಬ್ಲೇಡಿನಂತೆ ಹರಿತ.

ನಮ್ಮ ದೋಣಿಯ ಲೆಕ್ಕವನ್ನೇ ಹೇಳುವುದಾದರೆ, ಮೇ ತಿಂಗಳಿನಲ್ಲಿ ಗಂಟೆಗೆ 26 ಮೈಲಿ ಓಡುತ್ತಿದ್ದ ದೋಣಿ, ಅಡಿಯನ್ನು ಅಲಕ್ಷಿಸಿದ ಒಂದು ವರ್ಷ, ಆಗಸ್ಟಿನಲ್ಲಿ ಎಂಜಿನ್ನಿನ ಅದೇ ವೇಗಕ್ಕೆ 21 ಮೈಲಿಗಿಂತ ಮೇಲೇರಲಿಲ್ಲ. ಪೆಟ್ರೋಲ್ ಮಾತ್ರ ಹಿಂದಿಗಿಂತ ಹೆಚ್ಚು ಕುಡಿಯಿತು. ಹಣದ ನಷ್ಟವನ್ನು ತಾಳಿಕೊಳ್ಳಬಹುದು. ಆದರೆ ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲವೆಂದು ನಮಗೆ ತಿಳಿದದ್ದು 2016ರ ಜುಲೈ ತಿಂಗಳ ಒಂದು ಭಾನುವಾರ.

ಅಂದು ದೋಣಿಯಲ್ಲಿ ಎಂಟು ಮಂದಿ: ನಾವು ನಾಲ್ವರು, ಮೂವರು ಮಕ್ಕಳು, ಊರಿನಿಂದ ಬಂದಿದ್ದ 74 ವರ್ಷದ ನಮ್ಮ ತಾಯಿಯವರು. ಕಡಲ ದಡದಲ್ಲಿಯೇ ಬದುಕಿದ್ದರೂ ಅವರಿಗೆ ಈಜು ಬಾರದು. ಬೇ ಬ್ರಿಜ್ಜಿನ ಕೆಳಗೆ ಹಾದು, ಚಿತ್ರಾನ್ನದ ಡಬ್ಬಿ ಬಿಚ್ಚುವ ಹೊತ್ತಿಗೆ, ಹನ್ನೊಂದು ವರ್ಷದ ನಮ್ಮ ಮಗಳು, "ಆಗಿನಿಂದ ಆ ತೂತಿನಲ್ಲಿ ನೀರು ಬರುತ್ತಾನೇ ಇದೆಯಲ್ಲ, ಯಾಕೆ?" ಎಂದು ಕೇಳಿದಳು. ಅವಳು ತೋರಿಸಿದ್ದು ಬಿಲ್ಜ್ ಪಂಪಿನ ಕೊಳವೆಯನ್ನು. ದೋಣಿಯ ತಳದ ತಗ್ಗಿನಲ್ಲಿ ಸೇರುವ ನೀರನ್ನು ತಾನಾಗಿಯೇ ಹೊರಹಾಕುವ ಪಂಪು ಅದು. ಆಗೊಮ್ಮೆ ಈಗೊಮ್ಮೆ ಚಿಮ್ಮಬೇಕಾದ ನೀರು ನಲ್ಲಿ ಬಿಟ್ಟಂತೆ ಸುರಿಯುತ್ತಿತ್ತು. ಎಂಜಿನ್ನಿನ ಮುಚ್ಚಳ ಎತ್ತಿ ನೋಡಿದರೆ ಕೆಳಗೆ ನೀರು ತುಳುಕುತ್ತಿದೆ. ಪಂಪು ಹೊರಹಾಕುವುದಕ್ಕಿಂತ ಹೆಚ್ಚು ಎಲ್ಲಿಂದಲೋ ಒಳಬರುತ್ತಿದೆ.

ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದೆವು. ವಿಎಚ್ಎಫ್ ರೇಡಿಯೋದ 16ನೆಯ ಚಾನೆಲ್ಲಿನಲ್ಲಿ ನಮ್ಮ ಸ್ಥಿತಿಯನ್ನು ತಿಳಿಸಿದೆವು. ಗಂಡಸರಿಬ್ಬರೂ ಕಾರಣವೇನೆಂದು ಎಂಜಿನ್ನಿನ ಮೇಲೆ ಬಗ್ಗಿ ಚರ್ಚೆಗೆ ತೊಡಗಿದ್ದನ್ನು ನೋಡಿ ತಾಯಿಯವರು ಹೇಳಿದ ಮಾತು ಇದು: "ಮೊದ್ಲ್ ದಡ ಸೇರ್ಕಂಬ, ಕಾರಣ ಕಡಿಕ್ ಕಾಂಬ." ಅದೇ ಸರಿಯಾದ ಚಿಕಿತ್ಸೆಯಾಗಿತ್ತು. ಸಮೀಪದಲ್ಲಿದ್ದ ಒಂದು ಮೀನು ಹಿಡಿಯುವ ದೋಣಿಯವರು ರೇಡಿಯೋ ಕೇಳಿ ನಮ್ಮ ಪಕ್ಕದಲ್ಲಿಯೇ ಮರೀನಾದವರೆಗೆ ಬಂದರು. ಮೂರು ಮೈಲಿಯ ಆ ದಾರಿಯಲ್ಲಿ ಮಕ್ಕಳು ಬಕೆಟ್ಟಿನಿಂದ ನೀರು ಮೊಗೆದರು. ಬೋಟ್ ಯಾರ್ಡಿನವರು ಭಾನುವಾರವಾದರೂ ಟ್ರಾವೆಲ್ ಲಿಫ್ಟಿನ ಪಟ್ಟಿಗಳನ್ನು ಇಳಿಸಿ ದೋಣಿಯನ್ನು ಮೇಲೆತ್ತಿದರು.

ಕಾರಣ ಅಂಗೈ ಅಗಲದ ರಬ್ಬರು. ಸ್ಟರ್ನ್‌ಡ್ರೈವಿನಲ್ಲಿ ಎಂಜಿನ್ನಿನ ಶಕ್ತಿ ಹೊರಗಿನ ಕಾಲಿಗೆ ಹೋಗಲು ದೋಣಿಯ ಹಿಂಬದಿಯಲ್ಲಿ ಒಂದು ದೊಡ್ಡ ರಂಧ್ರವಿರುತ್ತದೆ. ಕಾಲು ಎಡಬಲಕ್ಕೆ ತಿರುಗಬೇಕು, ಮೇಲೆ ಕೆಳಗೆ ಆಡಬೇಕು, ಆದರೂ ನೀರು ಒಳಬರಬಾರದು. ಅದಕ್ಕಾಗಿ ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರಿನ ಕವಚವನ್ನು ತೊಡಿಸಿರುತ್ತಾರೆ. ಅದರ ಹೆಸರು ಬೆಲ್ಲೋಸ್. ಆ ಮಡಿಕೆಗಳೊಳಗೆ ಅಂಗಿಯ ಗುಂಡಿಯಷ್ಟು ಅಗಲದ ಬಾರ್ನಕಲ್‌ಗಳು ಬೆಳೆದಿದ್ದವು. ಕಾಲು ತಿರುಗಿದಾಗಲೆಲ್ಲ ಅವುಗಳ ಅಂಚು ರಬ್ಬರನ್ನು ಕೊಯ್ದಿತ್ತು. ನಿಲ್ಲಿಸಿದಾಗ ಕಾಲನ್ನು ಮೇಲೆತ್ತಿ ಇಡುವ ನಮ್ಮ ಅಭ್ಯಾಸ ರಬ್ಬರನ್ನು ಎಳೆದು ಇನ್ನಷ್ಟು ಸೊರಗಿಸಿತ್ತು.

ಮೆಕ್ಯಾನಿಕ್ ಹಿರಿಯರು. ನಮ್ಮನ್ನು ಬೈಯಲಿಲ್ಲ, ಹಿಂದಿನ ಅಕ್ಟೋಬರಿನಲ್ಲಿ ತಾವೇ ಬರೆದುಕೊಟ್ಟಿದ್ದ ಚೀಟಿಯ ಪ್ರತಿಯನ್ನು ತೋರಿಸಿದರು, ಅಷ್ಟೆ. 'ಬೆಲ್ಲೋಸ್ ಹಳೆಯದಾಗಿದೆ, ಬದಲಾಯಿಸುವುದು' ಎಂದು ಅದರಲ್ಲಿತ್ತು. ಕೆಲವು ನೂರು ಡಾಲರುಗಳ ಕೆಲಸ. ನಾವು ಆ ವರ್ಷ ಹೊಸ ಸ್ಟೀರಿಯೋ, ಸೀಟುಗಳಿಗೆ ಹೊಸ ಹೊದಿಕೆ ಹಾಕಿಸಿ, ಬೆಲ್ಲೋಸನ್ನು ಮುಂದಿನ ವರ್ಷಕ್ಕೆ ದೂಡಿದ್ದೆವು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡಂತಾಯಿತು. ಬೇರಿಂಗುಗಳೂ ಕೆಟ್ಟು, ಖರ್ಚು ಆರು ಪಟ್ಟಾಯಿತು. ಮರುದಿನ ಚಿಕಿತ್ಸಾಲಯದಲ್ಲಿ, ಎರಡು ವರ್ಷ ತಪಾಸಣೆ ತಪ್ಪಿಸಿಕೊಂಡ ರೋಗಿಯೊಬ್ಬರಿಗೆ ಎಂದಿನಂತೆ ಉಪದೇಶ ಮಾಡಲು ಬಾಯಿ ತೆರೆದೆವು. ಮಾತು ಹೊರಡಲಿಲ್ಲ.

ಅಂದಿನಿಂದ ನಾವು ಪಾಲಿಸುತ್ತಿರುವ ಕ್ರಮವನ್ನು ಋತುವಿಗೆ ಅನುಸಾರವಾಗಿ ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು ಶರತ್ಕಾಲ. ಅಕ್ಟೋಬರ್ ಕೊನೆಯೊಳಗೆ ದೋಣಿಯನ್ನು ಮೇಲೆತ್ತಿಸಿ. ಎತ್ತಿದ ಕೂಡಲೆ, ಅಡಿ ಒದ್ದೆಯಾಗಿರುವಾಗಲೇ ಒತ್ತಡದ ನೀರಿನಿಂದ ತೊಳೆಸಬೇಕು. ಹಸಿಯಾಗಿದ್ದಾಗ ಸುಲಭವಾಗಿ ಬಿಡುವ ಲೋಳೆ, ಪಾಚಿಗಳು ಒಣಗಿದ ಮೇಲೆ ಗಾರೆಯಾಗುತ್ತವೆ. ಉಳಿದ ಬಾರ್ನಕಲ್‌ಗಳನ್ನು ಪ್ಲಾಸ್ಟಿಕ್ ಅಥವಾ ಮರದ ಕೆರೆಯುವ ಪಟ್ಟಿಯಿಂದ ತೆಗೆಯಿರಿ. ಕಬ್ಬಿಣದ ಮೂಲೆ ತಗುಲಿದರೆ ಫೈಬರ್‌ಗ್ಲಾಸಿನ ಮೇಲಿರುವ ಜೆಲ್‌ಕೋಟ್ ಎಂಬ ಹೊರಚರ್ಮಕ್ಕೆ ಗಾಯವಾಗುತ್ತದೆ.

ಸ್ಟರ್ನ್‌ಡ್ರೈವಿನ ಗೇರು ಎಣ್ಣೆಯನ್ನು ಶರತ್ಕಾಲದಲ್ಲಿಯೇ ಇಳಿಸಿ ನೋಡಿ, ವಸಂತದವರೆಗೆ ಕಾಯಬೇಡಿ. ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಆ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿದರೆ ಲೋಹದ ಪೆಟ್ಟಿಗೆಯೇ ಬಿರಿಯಬಹುದು. ಪ್ರೊಪೆಲ್ಲರನ್ನು ಕಳಚಿ ಅದರ ಹಿಂದೆ ನೋಡಿ. ಮೀನಿನ ಗಾಳದ ದಾರ ಸುತ್ತಿಕೊಂಡು ಸೀಲನ್ನು ಕೊಯ್ದಿರುವುದು ಬಹಳ ಸಾಮಾನ್ಯ. ಬೆಲ್ಲೋಸನ್ನು ನೋಡುವಾಗ ಕಾಲನ್ನು ಮೇಲೆತ್ತಿ, ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಮಡಿಕೆಗಳನ್ನು ಬಿಡಿಸಿ, ದೀಪ ಹಿಡಿದು ನೋಡಬೇಕು. ನೇರವಾಗಿ ನಿಂತ ಬೆಲ್ಲೋಸ್ ತನ್ನ ಬಿರುಕನ್ನು ತೋರಿಸುವುದಿಲ್ಲ. ನಾವು ಮೋಸ ಹೋದದ್ದು ಹಾಗೆಯೇ. ಚೆನ್ನಾಗಿ ಕಂಡರೂ ತಯಾರಕರು ಹೇಳಿದ ಅವಧಿಗೆ ಬದಲಾಯಿಸಿ. ನೀರಿನಲ್ಲಿ ನಿಲ್ಲಿಸಿದಾಗ ಕಾಲನ್ನು ಕೆಳಗಿಳಿಸಿಯೇ ಇಡಿ.

ಎರಡನೆಯದು ವಸಂತ, ಬಣ್ಣದ ಕಾಲ. ದೋಣಿ ನಿಂತಿರುವ ಆಧಾರದ ಕಂಬಗಳನ್ನು ನೀವಾಗಿಯೇ ಎಂದಿಗೂ ಸರಿಸಬೇಡಿ. ಅವುಗಳ ಅಡಿಯ ಜಾಗಕ್ಕೆ ಬಣ್ಣ ಬಳಿಯಬೇಕಾದರೆ ಯಾರ್ಡಿನವರನ್ನು ಕರೆಯಿರಿ. ನಾಲ್ಕು ಸಾವಿರ ಪೌಂಡು ತೂಕದ ಕೆಳಗೆ ಮಲಗಿ ಕೆಲಸ ಮಾಡುವವರಿಗೆ ಈ ಮಾತನ್ನು ಎರಡು ಸಲ ಹೇಳಬೇಕು.

ಅಡಿಗೆ ಬಳಿಯುವ ಬಣ್ಣ ಅಂದಕ್ಕಲ್ಲ, ಅದೊಂದು ಔಷಧ. ಹೆಚ್ಚಿನವುಗಳಲ್ಲಿ ತಾಮ್ರದ ಆಕ್ಸೈಡ್ ಇರುತ್ತದೆ. ಅದು ಮೆಲ್ಲಮೆಲ್ಲನೆ ಹೊರಸೂಸಿ ಮರಿಗಳು ಕೂರದಂತೆ ತಡೆಯುತ್ತದೆ. ಗಟ್ಟಿ ಬಣ್ಣ ಒಂದು ಬಗೆ. ಸೋಪಿನ ಬಿಲ್ಲೆಯಂತೆ ಸವೆಯುತ್ತ ಹೊಸ ಪದರವನ್ನು ತೋರಿಸುವ ಬಣ್ಣ ಇನ್ನೊಂದು ಬಗೆ. ಚಳಿಗಾಲದಲ್ಲಿ ದಡದಲ್ಲಿರುವ ನಮ್ಮಂತಹ ದೋಣಿಗಳಿಗೆ ಎರಡನೆಯದು ಅನುಕೂಲ, ಗಾಳಿಗೆ ಒಣಗಿದರೂ ಶಕ್ತಿ ಕಳೆದುಕೊಳ್ಳುವುದಿಲ್ಲ. ಮೊದಲ ಕೋಟು ಕೆಂಪು, ಅದರ ಮೇಲೆ ಎರಡು ಕೋಟು ಕಪ್ಪು ಬಳಿಯುವುದು ನಾವು ಕಲಿತ ಉಪಾಯ. ಎಲ್ಲಿ ಕೆಂಪು ಇಣುಕುತ್ತದೋ ಅಲ್ಲಿ ಔಷಧ ಮುಗಿದಿದೆ. ನೀರಿನ ಗೆರೆಯುದ್ದಕ್ಕೂ, ನೀರನ್ನು ಸೀಳುವ ಮುಂಭಾಗಕ್ಕೂ ಒಂದು ಕೋಟು ಹೆಚ್ಚು ಬೇಕು.

ಅಲ್ಯುಮಿನಿಯಮ್ಮಿನ ಸ್ಟರ್ನ್‌ಡ್ರೈವಿಗೆ ಮಾತ್ರ ತಾಮ್ರದ ಆಕ್ಸೈಡಿನ ಬಣ್ಣವನ್ನು ತಾಗಿಸಬೇಡಿ, ಲೋಹ ತೂತುಬಿದ್ದೀತು. ಅದಕ್ಕೆಂದೇ ಬೇರೆ ಬಣ್ಣವಿದೆ. ಹಳೆಯ ಬಣ್ಣವನ್ನು ಒಣ ಕಾಗದದಿಂದ ಉಜ್ಜಿದರೆ ಏಳುವ ಧೂಳು ವಿಷ. ಒದ್ದೆಯಾಗಿ ಉಜ್ಜಿ, ಅಥವಾ ಧೂಳು ಹೀರುವ ಯಂತ್ರ ಬಳಸಿ. ಸರಿಯಾದ ರೆಸ್ಪಿರೇಟರ್, ಕನ್ನಡಕ, ಕೈಗವಸು ಇಲ್ಲದೆ ಕೆಳಗೆ ಹೋಗಬೇಡಿ. ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಕೆರೆದದ್ದನ್ನೆಲ್ಲ ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಕೂಡಿಹಾಕಿ ಯಾರ್ಡಿನವರು ಹೇಳಿದಲ್ಲಿ ಕೊಡಿ.

ಇದನ್ನೇಕೆ ಒತ್ತಿ ಹೇಳುತ್ತೇವೆಂದರೆ, ಔಷಧ ಅತಿಯಾದರೆ ಏನಾಗುತ್ತದೆಂಬುದಕ್ಕೆ ಈ ಕ್ಷೇತ್ರದಲ್ಲಿಯೇ ದೊಡ್ಡ ಉದಾಹರಣೆಯಿದೆ. ಟ್ರೈಬ್ಯುಟೈಲ್‌ಟಿನ್ ಎಂಬ ತವರದ ಸಂಯುಕ್ತವನ್ನು ಬೆರೆಸಿದ ಬಣ್ಣ ಒಂದು ಕಾಲದಲ್ಲಿ ಅದ್ಭುತವೆನಿಸಿತ್ತು. ಆದರೆ ಫ್ರಾನ್ಸಿನ ಅರ್ಕಾಶೋನ್ ಕೊಲ್ಲಿಯಲ್ಲಿ ಸಿಂಪಿಗಳ ಚಿಪ್ಪು ವಿಕಾರವಾಯಿತು, ಸಂತಾನ ನಿಂತಿತು. ಕಡಲ ಬಸವನಹುಳುಗಳಲ್ಲಿ ಹೆಣ್ಣುಗಳಿಗೆ ಗಂಡಿನ ಅಂಗ ಮೂಡಿತು. ಫ್ರಾನ್ಸ್ 1982ರಲ್ಲಿ ನಿರ್ಬಂಧ ಹೇರಿತು. ಅಮೆರಿಕವು 1988ರ ಕಾನೂನಿನಿಂದ 25 ಮೀಟರಿಗಿಂತ ಚಿಕ್ಕದಾದ ಹೆಚ್ಚಿನ ದೋಣಿಗಳಿಗೆ ಅದನ್ನು ನಿಷೇಧಿಸಿತು. 2001ರ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದಿತು. ನಮ್ಮ ದೋಣಿಯ ಅಡಿ ಶುಚಿಯಾಗಿರಬೇಕೆಂಬ ಆಸೆಗೆ ಕೊಲ್ಲಿಯ ಸಿಂಪಿ, ಏಡಿಗಳು ಬೆಲೆ ತೆರುವಂತಾಗಬಾರದು.

ಇನ್ನು ಆನೋಡಿನ ವಿಷಯ. ದೋಣಿಯವರು ರೂಢಿಯಲ್ಲಿ ಇದನ್ನು 'ಝಿಂಕ್' ಎನ್ನುತ್ತಾರೆ. ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡು ಉಪ್ಪುನೀರಿನಲ್ಲಿದ್ದರೆ ಬ್ಯಾಟರಿಯಾಗುತ್ತದೆ. ದುರ್ಬಲವಾದ ಲೋಹ ಕರಗುತ್ತದೆ. ಬ್ರಿಟಿಷ್ ನೌಕಾದಳ 1761ರಲ್ಲಿ 'ಅಲಾರ್ಮ್' ಎಂಬ ಹಡಗಿನ ಅಡಿಗೆ ತಾಮ್ರದ ತಗಡು ಹೊದಿಸಿತು. ಎರಡು ವರ್ಷದ ಮೇಲೆ ನೋಡಿದರೆ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ತಗಡನ್ನು ಸುತ್ತಿದ್ದ ಕಾಗದ ಅಕಸ್ಮಾತ್ತಾಗಿ ನಡುವೆ ಉಳಿದಿದ್ದ ಕಡೆ ಮಾತ್ರ ಮೊಳೆ ಗಟ್ಟಿಯಾಗಿತ್ತು. 1824ರಲ್ಲಿ ಸರ್ ಹಂಫ್ರಿ ಡೇವಿ, ನಗೆ ಅನಿಲವು ಶಸ್ತ್ರಚಿಕಿತ್ಸೆಯ ನೋವನ್ನು ತಡೆಯಬಹುದೆಂದು 1800ರಲ್ಲಿಯೇ ಸೂಚಿಸಿದ್ದ ಅದೇ ಡೇವಿ, ತಾಮ್ರಕ್ಕೆ ಕಬ್ಬಿಣ ಅಥವಾ ಸತುವಿನ ತುಂಡನ್ನು ಜೋಡಿಸಿದರೆ ಆ ತುಂಡು ತಾನು ಸವೆದು ತಾಮ್ರವನ್ನು ಉಳಿಸುತ್ತದೆಂದು ತೋರಿಸಿದರು. ತಾಮ್ರವೇನೋ ಉಳಿಯಿತು. ಆದರೆ ಕರಗದ ತಾಮ್ರಕ್ಕೆ ಬಾರ್ನಕಲ್ ಹೆದರಲಿಲ್ಲ. ಹಡಗಿನ ಅಡಿ ತುಂಬಿಹೋಯಿತು. ಇಂದು ನಾವು ಆ ಎರಡು ಕೆಲಸಗಳನ್ನೂ ಬೇರ್ಪಡಿಸಿದ್ದೇವೆ: ಪ್ರಾಣಿಗಳಿಗೆ ಬಣ್ಣ, ಲೋಹಕ್ಕೆ ಆನೋಡ್.

ಉಪ್ಪುನೀರಿಗೆ ಸತು ಅಥವಾ ಅಲ್ಯುಮಿನಿಯಮ್, ನಮ್ಮ ಕೊಲ್ಲಿಯಂತಹ ಮಿಶ್ರನೀರಿಗೆ ಅಲ್ಯುಮಿನಿಯಮ್, ಸಿಹಿನೀರಿನ ಸರೋವರಕ್ಕೆ ಮೆಗ್ನೀಸಿಯಮ್. ಬೇರೆ ಬೇರೆಯವನ್ನು ಬೆರೆಸಬೇಡಿ. ಅರ್ಧ ಸವೆದಾಗ ಬದಲಾಯಿಸಿ. ಅದರ ಮೇಲೆ ಬಣ್ಣ ಬಳಿಯಬೇಡಿ. ಬಳಿದರೆ ಅದು ಸವೆಯುವುದಿಲ್ಲ, ಸ್ಟರ್ನ್‌ಡ್ರೈವ್ ಸವೆಯುತ್ತದೆ. ಒಂದು ಬೇಸಿಗೆ ಕಳೆದರೂ ಆನೋಡ್ ಹೊಸದರಂತೆ ಹೊಳೆಯುತ್ತಿದ್ದರೆ ಸಂತೋಷಪಡಬೇಡಿ, ಅದು ಕೆಲಸ ಮಾಡುತ್ತಿಲ್ಲವೆಂದು ತಿಳಿಯಿರಿ.

ಮೂರನೆಯದು ದೋಣಿಯನ್ನು ನೀರಿಗಿಳಿಸುವ ದಿನ. ಮೊದಲ ಕೆಲಸ ತಳದ ಬಿರಡೆಯನ್ನು ಹಾಕುವುದು. ನಗಬೇಡಿ, ಎಲ್ಲ ಮರೀನಾಗಳಲ್ಲಿಯೂ ಇದನ್ನು ಮರೆತವರ ಕಥೆಯಿದೆ. ಒಡಲನ್ನು ತೂರಿಹೋಗುವ ಕೊಳವೆಗಳ ಕವಾಟಗಳನ್ನು ತೆರೆದು ಮುಚ್ಚಿ ನೋಡಿ. ಅವುಗಳ ಪಟ್ಟಿಗಳು ತುಕ್ಕು ಹಿಡಿದಿವೆಯೇ, ಪರೀಕ್ಷಿಸಿ. ದೋಣಿ ನೀರು ಮುಟ್ಟಿದ ಮೇಲೂ ಲಿಫ್ಟಿನ ಪಟ್ಟಿಗಳನ್ನು ಕೂಡಲೆ ಬಿಡಿಸಲು ಬಿಡಬೇಡಿ. ಒಳಗಿಳಿದು, ಎಂಜಿನ್ ಮುಚ್ಚಳ ಎತ್ತಿ, ಎಲ್ಲ ಮೂಲೆಗೂ ದೀಪ ಹಿಡಿದು, ಎಲ್ಲಿಯೂ ನೀರು ಜಿನುಗುತ್ತಿಲ್ಲವೆಂದು ಖಚಿತವಾದ ಮೇಲೆಯೇ ಕೈ ಸನ್ನೆ ಮಾಡಿ. ಆತುರಪಡುವ ಯಾರ್ಡಿನವರು ಐದು ನಿಮಿಷ ಕಾಯಲಿ.

ನಾಲ್ಕನೆಯದು ಬೇಸಿಗೆ. ದೋಣಿಯನ್ನು ಓಡಿಸಿ, ನಿಂತ ದೋಣಿಗೇ ಬಾರ್ನಕಲ್ ಹೆಚ್ಚು. ವೇಗ ಕಡಿಮೆಯಾದರೆ, ಎಂಜಿನ್ ಬಿಸಿಯೇರಿದರೆ, ಬಿಲ್ಜ್ ಪಂಪು ಪದೇ ಪದೇ ಓಡಿದರೆ ಅವು ರೋಗಲಕ್ಷಣಗಳು. ಸಂಗೀತ ಜೋರು ಮಾಡಿ ಮುಚ್ಚಿಬಿಡಬೇಡಿ.

ವೈದ್ಯರಾಗಿ ಒಂದೇ ಎಚ್ಚರಿಕೆ. ಅಡಿಯನ್ನು ಒರೆಸಲೆಂದು ಮರೀನಾದಲ್ಲಿ ನೀರಿಗೆ ಇಳಿಯಬೇಡಿ, ಮಕ್ಕಳನ್ನು ಅಲ್ಲಿ ಈಜಲು ಬಿಡಬೇಡಿ. ಯಾವುದಾದರೊಂದು ದೋಣಿಯ ತಂತಿ ಕೆಟ್ಟಿದ್ದರೆ ದಡದ ವಿದ್ಯುತ್ತು ನೀರಿಗೆ ಸೋರುತ್ತದೆ. ಸ್ವಲ್ಪವೇ ಪ್ರವಾಹ ಸಾಕು, ಸ್ನಾಯುಗಳು ಸೆಟೆದು ಚೆನ್ನಾಗಿ ಈಜುವವರೂ ಸದ್ದಿಲ್ಲದೆ ಮುಳುಗುತ್ತಾರೆ. ಉಪ್ಪು ಕಡಿಮೆಯಾದಷ್ಟೂ ಅಪಾಯ ಹೆಚ್ಚು, ಏಕೆಂದರೆ ಆಗ ನೀರಿಗಿಂತ ನಮ್ಮ ದೇಹವೇ ಉತ್ತಮ ವಾಹಕ. ಯಾರಾದರೂ ಹಾಗೆ ಒದ್ದಾಡುವುದು ಕಂಡರೆ ನೀವೂ ಹಾರಬೇಡಿ. ಮೊದಲು ದಡದ ವಿದ್ಯುತ್ತನ್ನು ಆರಿಸಿ, ತೇಲುವ ವಸ್ತುವನ್ನು ಎಸೆಯಿರಿ, ಸಹಾಯಕ್ಕೆ ಕೂಗಿ.

ಬಂಧುಗಳೆ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ನಮ್ಮನ್ನು ಕಂಡೇ ಮಾಡಿರಬೇಕು. ಆ ಭಾನುವಾರ ನಮ್ಮ ಮಗಳು ಆ ಪ್ರಶ್ನೆಯನ್ನು ಕೇಳದೆ ಇದ್ದಿದ್ದರೆ ಎಂಬ ಯೋಚನೆ ಇಂದಿಗೂ ಕೆಲವು ರಾತ್ರಿ ಬರುತ್ತದೆ. ಆ ಶರತ್ಕಾಲದಲ್ಲಿಯೇ ಅವಳು ದೋಣಿಯ ಕೆಲಸಗಳ ಪಟ್ಟಿಯನ್ನು ಅಜ್ಜಿಯಿಂದ ಫೋನಿನಲ್ಲಿ ಅಕ್ಷರ ಕೇಳಿ ಕೇಳಿ ಕನ್ನಡದಲ್ಲಿ ಬರೆದು, ಎಂಜಿನ್ ಮುಚ್ಚಳದ ಒಳಮೈಗೆ ಅಂಟಿಸಿದಳು. ಮೊದಲ ಸಾಲಿನಲ್ಲಿ 'ಬಿರಡೆ' ಎಂದಿದೆ. ಕೊನೆಯ ಸಾಲು 'ಮುಂದಿನ ವರ್ಷ ಎನ್ನಬಾರದು.' ಕಾಗುಣಿತದ ಎರಡು ತಪ್ಪುಗಳಿವೆ, ನಾವು ತಿದ್ದಿಲ್ಲ.

ಇದೇ ತಿಂಗಳ ಮೂರನೆಯ ಶನಿವಾರ ನಮ್ಮ ದೋಣಿಗೆ ಬಣ್ಣ ಬಳಿಯುತ್ತೇವೆ. ಹೊಸದಾಗಿ ದೋಣಿ ಕೊಂಡವರು ಹಳೆಯ ಬಟ್ಟೆ ತೊಟ್ಟು ಬನ್ನಿ; ರೆಸ್ಪಿರೇಟರ್ ನಾವು ಕೊಡುತ್ತೇವೆ, ಮಧ್ಯಾಹ್ನಕ್ಕೆ ಬಿಸಿಬೇಳೆಬಾತ್ ಇರುತ್ತದೆ.